ಟೀಚರ್ಸ್ ಹೈಲ್ಯಾಂಡ್ ಕ್ರೀಮ್: ಐಸ್ ಹಾಕುವ ಮುಂಚೆ ಒಮ್ಮೆ ಮೂಸಿ ನೋಡಿ

ಬೆಂಗಳೂರಿನ ಎಂ.ಆರ್.ಪಿ. ಅಂಗಡಿಯಲ್ಲಿ ಕಡಿಮೆ ಬೆಲೆಯ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಕೇಳಿದರೆ ಕೌಂಟರಿಗೆ ಬರುವ ನಾಲ್ಕೈದು ಬಾಟಲಿಗಳಲ್ಲಿ ಟೀಚರ್ಸ್ ಹೈಲ್ಯಾಂಡ್ ಕ್ರೀಮ್ ಕೂಡ ಒಂದು. ಆ ಸಾಲಿನಲ್ಲಿ ಎದ್ದು ತೋರುವ ಹೊಗೆ ವಾಸನೆ ಇರುವುದು ಇದಕ್ಕೇ. ಆ ಹೊಗೆ ಮೂಗಿಗೆ ಸಿಕ್ಕರೆ ಕೊಟ್ಟ ದುಡ್ಡು ಸಾರ್ಥಕ. ಕೋಲಾ ಬೆರೆಸಿ ಕುಡಿಯುವವರು ಇನ್ನೂ ಅಗ್ಗದ್ದನ್ನು ಕೊಂಡರೆ ಸಾಕು, ಸಕ್ಕರೆಯ ಮುಂದೆ ಹೊಗೆ ನಿಲ್ಲುವುದಿಲ್ಲ.

ಈ ಗುಣ ಬರುವುದು ಇದರಲ್ಲಿ ಬೆರೆತ, ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿಯಾದ ಆರ್ಡ್‌ಮೋರ್ ಮಾಲ್ಟ್‌ನಿಂದ. ಈ ಬ್ರ್ಯಾಂಡ್ ಹುಟ್ಟುಹಾಕಿದ ಟೀಚರ್ ಕುಟುಂಬದವರೇ 1898ರಲ್ಲಿ ಅಬರ್ಡೀನ್‌ಶೈರ್‌ನಲ್ಲಿ ಕಟ್ಟಿದ ಭಟ್ಟಿ ಅದು. ಅಲ್ಲಿ ಬಳಸುವ ಮೊಳಕೆ ಬಾರ್ಲಿ ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ ಮಣ್ಣು) ಹೊಗೆಯಲ್ಲಿ ಒಣಗಿಸಿದ್ದು. ಈ ಮಾಲ್ಟ್ ಜೊತೆಗೆ ಗೋಧಿ, ಮೆಕ್ಕೆಜೋಳದಂಥ ಧಾನ್ಯಗಳ ಗ್ರೇನ್ ವಿಸ್ಕಿ ಸೇರುತ್ತದೆ. ವಿಸ್ಕಿ ಬಾಯಿಗೆ ಹಗುರಾಗುವುದು, ಬೆಲೆ ಇಳಿಯುವುದು ಅದರಿಂದ. ಲೇಬಲ್ ಮೇಲೆ ವಯಸ್ಸು ಬರೆದಿಲ್ಲ. ಹಾಗಾಗಿ ಖಚಿತವಾಗಿ ಹೇಳಬಹುದಾದದ್ದು ಸ್ಕಾಚ್ ಕಾನೂನಿನ ಕನಿಷ್ಠ ಮಿತಿ ಮಾತ್ರ, ಓಕ್ ಪೀಪಾಯಿಯಲ್ಲಿ 3 ವರ್ಷ. ಬಣ್ಣ ನೋಡಿ ವಯಸ್ಸು ಅಳೆಯಬೇಡಿ, ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಅನುಮತಿ ಇದೆ. ಟೀಚರ್ಸ್ 50 ಎಂಬುದು 12 ವರ್ಷದ ಬೇರೆ ಮಾಲು, ಬೆಲೆಯೂ ಹೆಚ್ಚು. ಅವಸರದಲ್ಲಿ ಅದಲುಬದಲು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಸಿಗುವುದು ಭಾರತದಲ್ಲೇ ಬಾಟಲಿಗೆ ತುಂಬಿದ್ದು, ಆಲ್ಕೋಹಾಲ್ 42.8%. ಕಸ್ಟಮ್ಸ್ ಸುಂಕ ಬೀಳುವುದು ಮಾಲಿನ ಬೆಲೆಯ ಮೇಲೆ. ಸಗಟು ವಿಸ್ಕಿ ತಂದು ಇಲ್ಲಿ ತುಂಬಿದರೆ ಆ ಬೆಲೆ ಕಡಿಮೆ, ಅದರ ಮೇಲಿನ ಸುಂಕವೂ ಕಡಿಮೆ. ಒಳಗಿರುವುದು ಸ್ಕಾಟ್ಲೆಂಡ್‌ನಲ್ಲಿ ಮಾಗಿದ ವಿಸ್ಕಿಯೇ. ಮುಚ್ಚಳದ ಮೇಲಿನ ಅಬಕಾರಿ ಚೀಟಿ ಹರಿದಿಲ್ಲವೇ ಎಂದು ನೋಡಿಯೇ ತೆಗೆದುಕೊಳ್ಳಿ. ಬಾರಿನಲ್ಲಾದರೆ ಬಾಟಲಿಯನ್ನು ಟೇಬಲ್ಲಿಗೆ ತರಿಸಿ, ಕಣ್ಣೆದುರೇ ಅಳೆದು ಹಾಕಿಸಿಕೊಳ್ಳಿ.

ರುಚಿ ನೋಡುವ ಕ್ರಮ. ಬಾಯಿ ಕಿರಿದಾದ ಗ್ಲಾಸು ಬೇಕು, ಸಣ್ಣ ವೈನ್ ಗ್ಲಾಸಾದರೂ ಸರಿ. 30 ಎಂ.ಎಲ್. ಹಾಕಿ ಐದು ನಿಮಿಷ ಬಿಡಿ. ಸುರಿದ ತಕ್ಷಣ ಮೂಗಿಟ್ಟರೆ ಸ್ಪಿರಿಟ್ ಘಾಟು ಹೊಡೆದು ಮುಂದಿನ ವಾಸನೆಗಳೇ ತಿಳಿಯುವುದಿಲ್ಲ. ಬಾಯಿ ಸ್ವಲ್ಪ ತೆರೆದು ನಿಧಾನವಾಗಿ ಮೂಸಿ. ಮೊದಲು ಜೇನು, ಹಣ್ಣಾದ ಸೇಬು. ಆಮೇಲೆ ಮೊಳಕೆ ಕಟ್ಟಿ ಹುರಿದ ರಾಗಿ ಹಿಟ್ಟಿಗೆ ಹತ್ತಿರದ ವಾಸನೆ. ಕೊನೆಗೆ, ಸೌದೆ ಒಲೆ ಆರಿದ ಮೇಲೆ ಅಡುಗೆಮನೆಯಲ್ಲಿ ಉಳಿಯುವಂಥ ಹೊಗೆ. ನೀರಿಲ್ಲದ ಮೊದಲ ಗುಟುಕು ಒರಟು. ನಾಲಿಗೆಯ ನಡುವೆ ಎಳೆ ಗ್ರೇನ್ ವಿಸ್ಕಿಯ ಚುರುಕು ಉರಿ ಇದೆ, ಅದೇ ಇದರ ದೊಡ್ಡ ಕೊರತೆ.

ಈಗ 10 ಎಂ.ಎಲ್., ಅಂದರೆ ಎರಡು ಟೀ ಚಮಚ, ನೀರು ಹಾಕಿ. ಆಲ್ಕೋಹಾಲ್ ಸುಮಾರು 32%ಕ್ಕೆ ಇಳಿಯುತ್ತದೆ, ಉರಿ ಅಡಗಿ ಮಾಲ್ಟ್ ಮುಂದೆ ಬರುತ್ತದೆ. ಈ ವಿಸ್ಕಿಗೆ ಸರಿಯಾದ ಹದ ಇದೇ. ಸಮಸಮ ನೀರು ಹಾಕಿದರೆ 21%ರ ಆಸುಪಾಸು. ಬ್ಲೆಂಡರ್‌ಗಳು, ಅಂದರೆ ವಿಸ್ಕಿ ಬೆರೆಸುವ ತಜ್ಞರು, ವಾಸನೆ ಪರೀಕ್ಷಿಸುವುದು ಹೆಚ್ಚುಕಡಿಮೆ ಆ ಮಟ್ಟದಲ್ಲೇ. ಮೂಗಿಗೆ ಅದು ಚೆನ್ನ, ಬಾಯಿಗೆ ತೆಳು. ಗಡಸು ಬೋರ್‌ವೆಲ್ ನೀರು ಬೇಡ, ಕ್ಲೋರಿನ್ ವಾಸನೆಯ ನಲ್ಲಿ ನೀರಂತೂ ಹೊಗೆಯನ್ನೇ ಕೆಡಿಸುತ್ತದೆ. ಫಿಲ್ಟರ್ ನೀರು, ತಣ್ಣಗಿಲ್ಲದ್ದು, ಸಾಕು.

ಐಸ್ ಬೆಂಗಳೂರಿನ ಸಂಜೆಗೆ ಬೇಕಾಗುವುದಿಲ್ಲ. ತಂಪು ಹೆಚ್ಚಾದಷ್ಟೂ ವಾಸನೆ ಏಳುವುದು ಕಡಿಮೆ, ಜೇನಿನ ಸಿಹಿಯೂ ಮಂಕಾಗಿ ಓಕ್‌ನ ಒಗರು ಮಾತ್ರ ಉಳಿಯುತ್ತದೆ. ಏಪ್ರಿಲ್ ಸೆಕೆಗೆ ಸೋಡಾ ಬೇಕೇ ಬೇಕೆಂದರೆ 30ಕ್ಕೆ 90 ಎಂ.ಎಲ್., ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿದ ಹೊಸ ಬಾಟಲಿಯದ್ದು. ಅಷ್ಟು ಸೋಡಾದಲ್ಲೂ ಹೊಗೆ ಉಳಿಯುತ್ತದೆ. ಬ್ಲ್ಯಾಕ್ ಅಂಡ್ ವೈಟ್ ಎಂಬ ಇನ್ನೊಂದು ಸ್ಕಾಚ್ ಇದಕ್ಕಿಂತ ನಯ, ಆದರೆ ಸೋಡಾಕ್ಕೆ ಬಿದ್ದರೆ ಬೇಗ ಕರಗಿಹೋಗುತ್ತದೆ. ಹೊಗೆ ಒಗ್ಗದವರಿಗೆ, ನೀರಿನ ಜೊತೆಗೆ, ಅದೇ ಉತ್ತಮ ಆಯ್ಕೆ.

ನಂಚಿಕೊಳ್ಳಲು ಕಾಂಗ್ರೆಸ್ ಕಡ್ಲೇಕಾಯಿ ಇಟ್ಟಿದ್ದರೆ ಮೊದಲ ಗ್ಲಾಸು ಮುಗಿಯುವವರೆಗೆ ಮುಟ್ಟಬೇಡಿ. ಖಾರವೂ ಆಲ್ಕೋಹಾಲೂ ನಾಲಿಗೆಯಲ್ಲಿ ಕೆರಳಿಸುವುದು ಒಂದೇ ಉರಿಯನ್ನು. ಎರಡೂ ಸೇರಿದರೆ ವಿಸ್ಕಿ ಇರುವುದಕ್ಕಿಂತ ಒರಟಾಗಿ ಕಾಣುತ್ತದೆ. ಉಪ್ಪು ಹಾಕಿ ಹುರಿದ ಬರೀ ಕಡ್ಲೇಕಾಯಿ ಇದಕ್ಕೆ ಬಹಳ ಹೊಂದುತ್ತದೆ.

ತೆರೆದ ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಬಿಸಿಲು ತಾಗದ ಕಡೆ. ಕಾಲು ಭಾಗಕ್ಕೆ ಇಳಿದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ಗಾಳಿಗೆ ಮೊದಲು ಸೊರಗುವುದು ಹೊಗೆಯೇ. ತೊಳೆದು ಪೂರ್ತಿ ಒಣಗಿಸಿದ 180 ಎಂ.ಎಲ್. ಗಾಜಿನ ಬಾಟಲಿಗೆ ಉಳಿದದ್ದನ್ನು ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ.