ಮದುವೆಗೆ ಮೈಸೂರು ರೇಷ್ಮೆಯೋ, ಇಳಕಲ್ಲೋ?

ನಮ್ಮ ಮಲೆನಾಡಿನ ಸಾಗರದ ಕಡೆ ಮದುವೆಗೆ ಒಂದೇ ಸೀರೆ ಕೊಳ್ಳುವವರಿಗೆ ಈ ಗೊಂದಲ ಸಹಜ, ಅಲ್ವಾ?

ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ 1912ರದ್ದು. ಆ ಸೀರೆ ಮೈಮೇಲೆ ನೀರಿನ ಹಾಗೆ ಇಳಿಯುತ್ತದೆ, ನೆರಿಗೆ ಸಲೀಸಾಗಿ ಕೂರುತ್ತದೆ. ಬೆಲೆ ಮಾತ್ರ ಜಾಸ್ತಿ. ನಮ್ಮ ಮಳೆಗಾಲದ ಥಂಡಿಗೆ ಜರಿ ಕಪ್ಪಾಗಬಹುದು. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ.

ಇಳಕಲ್‌ನ ಸೊಗಸು ಸೆರಗಿನಲ್ಲಿದೆ. ಒಡಲಿನ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು) ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಎಂಥಾ ತಾಳ್ಮೆಯ ಕೆಲಸ! ಕೆಂಪು ಸೆರಗು ಶುರುವಾಗುವಲ್ಲಿ ಬೆರಳಾಡಿಸಿ, ಆ ಗೆರೆ ಕೈಗೆ ಸಿಗುತ್ತದೆ. ಹತ್ತಿ ಒಡಲಿನದನ್ನೇ ಕೇಳಿ ತಗೊಳ್ಳಿ, ಸೆಕೆಗೆ ಹಿತ.

ಧಾರೆಗೆ ಕೂರುವವರಿಗೆ ಮೈಸೂರು ರೇಷ್ಮೆಯೇ ಚೆಂದ. ಪಂಕ್ತಿಯಲ್ಲಿ ಬಡಿಸುತ್ತಾ ಓಡಾಡುವ ಚಿಕ್ಕಮ್ಮ, ಅತ್ತಿಗೆಯರಿಗೆ ನಾನು ಇಳಕಲ್ಲನ್ನೇ ಹೇಳುತ್ತೇನೆ.