ಎರಡು ವರ್ಷ ಮಾಲೀಸು ಮಾಡಿಸಿಕೊಂಡ ಕಾಲುಗಳ ಲೆಕ್ಕ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಂದು ಫಿಸಿಯೊಥೆರಪಿ ಚಿಕಿತ್ಸಾಲಯದಲ್ಲಿ ನಾನು ಎರಡು ವರ್ಷಗಳಿಂದ ತಿಂಗಳಿಗೆರಡು ಬಾರಿ ಕಾಲುಗಳಿಗೆ ಮಾಲೀಸು ಮಾಡಿಸಿಕೊಳ್ಳುತ್ತಿದ್ದೇನೆ. ನನಗೀಗ 46 ವರ್ಷ. ವಾರಕ್ಕೆ ಮೂರು ದಿನ ಓಡುತ್ತೇನೆ, ತಿಂಗಳಿಗೊಮ್ಮೆ ಯಳ್ಳೂರಿನ ಗುಡ್ಡದ ಮೇಲಿನ ಕೋಟೆ ರಾಜಹಂಸಗಡವನ್ನು ಹತ್ತಿ ಇಳಿಯುತ್ತೇನೆ. ಹತ್ತುವಾಗ ಏದುಸಿರು ಬರುತ್ತದೆ ಎಂಬುದು ನಿಜ, ಆದರೆ ಮರುದಿನ ಮನೆಯ ಮೆಟ್ಟಿಲು ಇಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಗಡ ಇಳಿದುದರ ಫಲ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುವುದರಿಂದ ಅದರ ಎಳೆಗಳಿಗೆ ಸೂಕ್ಷ್ಮ ಪೆಟ್ಟಾಗುತ್ತದೆ. ನೋವು 24ರಿಂದ 72 ಗಂಟೆಗಳ ನಡುವೆ ಏರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ಓಡುವಾಗ ಸ್ನಾಯುಗಳಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಮ್ಲ ಮಾಲೀಸಿನಿಂದ ಹೊರಹೋಗುತ್ತದೆ ಎಂಬ ಮಾತನ್ನು ನಾನೂ ನಂಬಿದ್ದೆ. ಓಟ ಮುಗಿದ ಸುಮಾರು ಒಂದು ಗಂಟೆಯಲ್ಲಿ ಅದು ಯಾರ ಕೈಯೂ ಸೋಕದೆ ರಕ್ತದಿಂದ ಕಡಿಮೆಯಾಗಿರುತ್ತದೆ, ಮರುದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮೊದಲ ದಿನವೇ ಹೇಳಿದವರು ಇಲ್ಲಿನ ಚಿಕಿತ್ಸಕಿ. ತಮ್ಮ ಸೇವೆಯ ಬಗ್ಗೆ ಇಲ್ಲದ ಗುಣವನ್ನು ಹೇಳಿಕೊಳ್ಳದ ಅವರ ಆ ರೀತಿಯೇ ನನ್ನನ್ನು ಇಲ್ಲಿ ಉಳಿಸಿತು.

ಒಂದು ಸರದಿಗೆ 45 ನಿಮಿಷ. ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ, ಹರಡಿನಿಂದ ಮೇಲಕ್ಕೆ ಉದ್ದಕ್ಕೂ ನೀವಿ, ನಂತರ ಮೀನಖಂಡವನ್ನು ಹಿಟ್ಟು ನಾದಿದಂತೆ ನಾದಿ, ಗಂಟು ಕಟ್ಟಿದಲ್ಲಿ ಮಾತ್ರ ಹೆಬ್ಬೆರಳಿನಿಂದ ಒತ್ತುತ್ತಾರೆ. ನಡುನಡುವೆ ನೋವು ಹತ್ತಕ್ಕೆ ಎಷ್ಟು ಎಂದು ಕೇಳುತ್ತಾರೆ, ಆರು ದಾಟಲು ಬಿಡುವುದಿಲ್ಲ. ತಾಲೀಮಿನಲ್ಲಿ ಬೆಳೆದ ನಮ್ಮ ಓಣಿಯ ಹಿರಿಯ ಪೈಲ್ವಾನರೊಬ್ಬರು ಇದನ್ನು ಕೇಳಿ, "ಇಷ್ಟ್ ಹಗೂರ ತಿಕ್ಕಿದ್ರ ಅದು ಮಾಲೀಸ್ ಏನ್ರಿ?" ಎಂದು ನಕ್ಕಿದ್ದುಂಟು. ನನ್ನ ಅನುಭವದಲ್ಲಿ ಹಗುರವಾದುದೇ ಸಾಕು: ಒಂದೆರಡು ದಿನ ನೋವು ತಗ್ಗುತ್ತದೆ, ಆ ರಾತ್ರಿ ನಿದ್ದೆ ಗಾಢವಾಗಿರುತ್ತದೆ. ಆದರೆ ಕಾಲಿನ ಬಲ ಬೇಗ ಮರಳಿದ್ದನ್ನು ನಾನು ಕಂಡಿಲ್ಲ. ಮಾಲೀಸು ಮಾಡಿಸಿದರೂ ಬಿಟ್ಟರೂ ನನ್ನ ಮಾಮೂಲಿ ವೇಗ ಬರುವುದು ನಾಲ್ಕನೆಯ ದಿನವೇ.

ಇಲ್ಲಿಗೆ ಬರುವ ಮೊದಲು ಊರಿನ ಬೇರೊಂದು ಕಡೆ ಪೆಟ್ಟು ತಿಂದಿದ್ದೆ. ಓಡುವಾಗ ಮೀನಖಂಡದಲ್ಲಿ ಚಳಕ್ಕೆಂದ ಸಂಜೆಯೇ ಅಲ್ಲಿಗೆ ಹೋದಾಗ, ಏನನ್ನೂ ವಿಚಾರಿಸದೆ ಬಲವಾಗಿ ಒತ್ತಿದರು. ಬೆಳಗಾಗುವಷ್ಟರಲ್ಲಿ ಕಾಲು ಬಾತು ನೀಲಿಗಟ್ಟಿತ್ತು, ಮೂರು ವಾರ ಕುಂಟಿದೆ. ಹೊಸದಾಗಿ ಹರಿದ ಎಳೆಗಳನ್ನು ಒತ್ತಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ ಎಂಬುದು ತಿಳಿದದ್ದು ಆಮೇಲೆ. ಕಳೆದ ಮಳೆಗಾಲದಲ್ಲಿ ಅದೇ ಕಾಲು ಮತ್ತೆ ಉಳುಕಿದಾಗ ಈ ಚಿಕಿತ್ಸಕಿ ಎಣ್ಣೆಯ ಬಟ್ಟಲು ಮುಟ್ಟಲಿಲ್ಲ. ಎರಡೂ ಮೀನಖಂಡಗಳ ಸುತ್ತಳತೆ ತೆಗೆದರು. ಒಂದೇ ಕಾಲು ಬಾತು ಬಿಸಿಯಾಗಿದೆಯೇ, ಇತ್ತೀಚೆಗೆ ದೂರದ ಪ್ರಯಾಣ ಮಾಡಿದ್ದೀರಾ ಎಂದು ವಿಚಾರಿಸಿದರು. ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಮಾಲೀಸು ಜೀವಕ್ಕೇ ಅಪಾಯವಂತೆ. ಅಂತಹ ಲಕ್ಷಣವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ ಬರಲು ಹೇಳಿ, ಶುಲ್ಕ ಪಡೆಯದೆ ಕಳಿಸಿದರು. ಎಂಟನೆಯ ದಿನ ಶುರುಮಾಡಿದಾಗಲೂ ನೋವಿನ ಜಾಗ ಬಿಟ್ಟು, ಅದರ ಮೇಲೆ ಕೆಳಗೆ ಮಾತ್ರ ನೀವಿದರು.

ದೂರುಗಳೂ ಇವೆ. 600 ರೂಪಾಯಿ ಇದ್ದ ಶುಲ್ಕ ಈಗ 850 ಆಗಿದೆ. ಓಟಗಾರರು ಭಾನುವಾರ ಬೆಳಿಗ್ಗೆ ದೂರ ಓಡುತ್ತಾರೆ, ಚಿಕಿತ್ಸಾಲಯಕ್ಕೆ ಅಂದೇ ರಜೆ. ಗಣೇಶೋತ್ಸವದ ದಿನಗಳಲ್ಲಂತೂ ಸಂಜೆ ಅಲ್ಲಿಗೆ ತಲುಪುವುದೇ ಒಂದು ವ್ಯಾಯಾಮ.

ಖರ್ಚು ಉಳಿಸಲೆಂದು ಕಳೆದ ವರ್ಷ 4,500 ರೂಪಾಯಿಗೆ ಮಸಾಜ್ ಗನ್, ಅಂದರೆ ಸ್ನಾಯುವನ್ನು ಬಡಬಡನೆ ತಟ್ಟುವ ಕೈಯಂತ್ರ, ಕೊಂಡೆ. ಎಲುಬು ತಪ್ಪಿಸಿ, ಒಂದು ಸ್ನಾಯುವಿಗೆ ಎರಡು ನಿಮಿಷದಂತೆ ಕಡಿಮೆ ವೇಗದಲ್ಲಿ ಬಳಸಿದರೆ ಬಿಗಿತ ಚೆನ್ನಾಗಿ ಸಡಿಲವಾಗುತ್ತದೆ. ಹಾಗಾಗಿ ಮುಂದಿನ ತಿಂಗಳಿನಿಂದ ಚಿಕಿತ್ಸಾಲಯದ ಭೇಟಿಯನ್ನು ಒಂದಕ್ಕೆ ಇಳಿಸುತ್ತಿದ್ದೇನೆ, ಗಡ ಇಳಿದ ಮರುದಿನದ ಸೋಮವಾರಕ್ಕೆ.