ಜಂಟಿ ಸಲೀಸು, ಸರಳೆ ಕಷ್ಟ: ಮೂರು ಬಗೆಯ ಪಿಕಿಂಗ್ ಮಾಡಿ ನೋಡಿದೆ

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಪಿಕಿಂಗ್ ವೇಗಕ್ಕೆ, ಅಂದರೆ ಪಿಕ್ ಅನ್ನೋ ಚಿಕ್ಕ ಬಿಲ್ಲೆಯಿಂದ ತಂತಿ ಮೀಟುವ ವೇಗಕ್ಕೆ, ಏನು ಅಭ್ಯಾಸ ಮಾಡೋದು ಅಂತ ಯೋಚಿಸಿದಾಗ ನನಗೆ ಮೊದಲು ನೆನಪಾಗಿದ್ದು ಚಿಕ್ಕಂದಿನಲ್ಲಿ ಕಲಿತ ಸರಳೆ ವರಸೆ, ಕರ್ನಾಟಕ ಸಂಗೀತದ ಮೊದಲ ಪಾಠ. ಮಾಯಾಮಾಳವಗೌಳ ರಾಗ, ಮೂರು ಕಾಲ (ಮೂರು ವೇಗ). 6ನೇ ತಂತಿಯ (ಎಲ್ಲಕ್ಕಿಂತ ಮೇಲಿರುವ ದಪ್ಪ ತಂತಿ) 5ನೇ ಫ್ರೆಟ್ಟನ್ನೇ, ಅಂದರೆ 5ನೇ ಮನೆಯನ್ನೇ, ಷಡ್ಜ (ಸ) ಮಾಡಿಕೊಂಡೆ. ಆಗ ಸ ರಿ ಗ 6ನೇ ತಂತಿಯಲ್ಲಿ (5, 6, 9), ಮ ಪ ದ 5ನೇ ತಂತಿಯಲ್ಲಿ (5, 7, 8), ನಿ ಸ 4ನೇ ತಂತಿಯಲ್ಲಿ (6, 7). ಕಿರುಬೆರಳು ಸ್ವಲ್ಪ ಚಾಚಬೇಕು, ಅಷ್ಟೇ.

ಒಂದು ವಿಷಯ ತುಂಬ ದಿನ ತಲೆ ತಿಂದಿತು. ಒಂದು ಬೀಟಿಗೆ ನಾಲ್ಕು ಹೊಡೆತದ ಲೆಕ್ಕದಲ್ಲಿ ಸರಳೆ ವರಸೆ ನಿಮಿಷಕ್ಕೆ 100 ಬೀಟಿನ ಮೇಲೆ ಹೋಗುತ್ತಲೇ ಇರಲಿಲ್ಲ. ಪ್ರತಿ ಸ್ವರವನ್ನು ಎರಡೆರಡು ಸಲ ನುಡಿಸುವ ಜಂಟಿ ವರಸೆ ಮಾತ್ರ 130ರಲ್ಲೂ ಸಲೀಸಾಗಿ ಬರುತ್ತಿತ್ತು. ಜಂಟಿಯಲ್ಲಿ ಎಡಗೈಗೆ ಅರ್ಧ ಕೆಲಸ, ಅದಕ್ಕೇ ಇರಬೇಕು ಅಂದುಕೊಂಡೆ. ಒಂದು ದಿನ ಎಡಗೈಯಿಂದ ತಂತಿಗಳನ್ನೆಲ್ಲ ಮುಚ್ಚಿ ಹಿಡಿದು, ಬಲಗೈಯಿಂದ ಮಾತ್ರ ಸರಳೆ ವರಸೆಯ ಹಾಗೆ ತಂತಿಗೆ ಮೂರು, ಮೂರು, ಎರಡು ಅಂತ ಹೊಡೆದು ನೋಡಿದೆ. ಟಕ ಟಕ ಸದ್ದಷ್ಟೇ. ಆಗಲೂ ಅದೇ ಜಾಗದಲ್ಲಿ ಎಡವಿತು. ತಪ್ಪು ಬಲಗೈಯದ್ದೇ ಅಲ್ವಾ?

ಹಾಗಾಗಿ ಇದೊಂದೇ ವರಸೆಯನ್ನು ಮೂರು ಬಗೆಯಲ್ಲಿ ನುಡಿಸಿ ನೋಡೋಣ ಅಂತ ಹೊರಟೆ. ಒಂದೊಂದಕ್ಕೆ ಮೂರು ವಾರ, ದಿನಕ್ಕೆ 25 ನಿಮಿಷ. ಫೋನಿನಲ್ಲಿ ರೆಕಾರ್ಡ್ ಮಾಡಿ, ಅರ್ಧ ವೇಗದಲ್ಲಿ ಕೇಳುವುದು. ಅರ್ಧ ವೇಗದಲ್ಲಿ ಕೇಳಿದರೆ ಸುಳ್ಳು ಹೇಳಿಕೊಳ್ಳೋಕೆ ಆಗಲ್ಲ.

ಮೊದಲನೆಯದು ಆಲ್ಟರ್ನೇಟ್ ಪಿಕಿಂಗ್. ಕೆಳಗೆ, ಮೇಲೆ, ಕೆಳಗೆ, ಮೇಲೆ, ಏನೇ ಆದರೂ ಈ ಸರದಿ ತಪ್ಪುವ ಹಾಗಿಲ್ಲ. ಪಾಲ್ ಗಿಲ್ಬರ್ಟ್, ಸ್ಟೀವ್ ಮೋರ್ಸ್ ಅಂಥ ಗಿಟಾರ್ ವಾದಕರನ್ನು ಕೇಳಿದರೆ ಇದರ ಗತ್ತು ಗೊತ್ತಾಗುತ್ತದೆ. ಪ್ರತಿ ಸ್ವರವೂ ಬೇರೆ ಬೇರೆಯಾಗಿ, ಕಡಲೆ ಹುರಿದ ಹಾಗೆ ಸಿಡಿಯುತ್ತದೆ. ತಾಳಕ್ಕೆ ಇದರಷ್ಟು ನಿಯತ್ತಿನದು ಇನ್ನೊಂದಿಲ್ಲ. ಆದರೆ ಮೂರು ವಾರ ಕಳೆದರೂ ನಾನು ಮುಟ್ಟಿದ್ದು 106. ನನಗೆ ಹೇಳಿಕೊಟ್ಟವರೊಬ್ಬರು ಮೆಟ್ರೋನೋಮನ್ನು (ತಾಳ ಹಾಕುವ ಯಂತ್ರ) ವಾರಕ್ಕೆ ಎರಡೆರಡೇ ಏರಿಸು, ತಾನಾಗಿ ಬರುತ್ತೆ ಅಂದಿದ್ದರು. ಬರಲಿಲ್ಲ. ಬಂದಿದ್ದು ಮೊಣಕೈ ನೋವು.

ಕಾರಣ ಸಿಕ್ಕಿದ್ದು ಫೋನಿನ ಸ್ಲೋ ಮೋಷನ್‌ನಲ್ಲಿ. ನಾನು ಪಿಕ್ಕನ್ನು ಸ್ವಲ್ಪ ವಾಲಿಸಿ ಹಿಡಿಯುತ್ತೇನೆ. ಅದರ ತುದಿ ಒಂಚೂರು ಮೇಲಕ್ಕೆ, ಅಂದರೆ ನನ್ನ ಗಲ್ಲದ ಕಡೆಗೆ ತಿರುಗಿರುತ್ತದೆ. ಹೀಗೆ ಹಿಡಿದಾಗ ಮೇಲಿನ ಹೊಡೆತ ಮುಗಿಯುವಷ್ಟರಲ್ಲಿ ಪಿಕ್ ತಂತಿಗಳ ಸಾಲಿನಿಂದ ಹೊರಗೆ, ಗಾಳಿಯಲ್ಲಿ ಇರುತ್ತದೆ. ಎಲ್ಲಿಗೆ ಬೇಕಾದರೂ ಹೋಗಬಹುದು. ಕೆಳಗಿನ ಹೊಡೆತ ಮುಗಿದಾಗ ಮಾತ್ರ ಎರಡು ತಂತಿಗಳ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ. ಪಿಕಿಂಗ್ ಬಗ್ಗೆ ವಿಡಿಯೋ ಮಾಡುವ ಟ್ರಾಯ್ ಗ್ರೇಡಿ ಇದನ್ನು ಕ್ಯಾಮೆರಾ ಹತ್ತಿರ ಇಟ್ಟು ತೋರಿಸಿ ವಿವರಿಸಿದ್ದಾರೆ. ನಾನು ಅದನ್ನು ನೋಡಿ ತಲೆಯಾಡಿಸಿದ್ದೆ, ನನ್ನ ಕೈಗೆ ಮಾತ್ರ ಅನ್ವಯಿಸಿ ನೋಡಿರಲಿಲ್ಲ.

ಈಗ ಎಣಿಸಿ. ಸ ಕೆಳಗೆ, ರಿ ಮೇಲೆ, ಗ ಕೆಳಗೆ. ಸಿಕ್ಕಿಹಾಕಿಕೊಂಡಿತು! ಮುಂದಿನ ಮ ಮೇಲಿನ ಹೊಡೆತ, ಅದಕ್ಕೆ 5ನೇ ತಂತಿಯನ್ನು ಹಾರಿ ಆಚೆ ಹೋಗಬೇಕು. ಮ ಪ ದ ಮುಗಿಯುವುದು ಮೇಲಿನ ಹೊಡೆತದಲ್ಲಿ, ಅಲ್ಲಿ ತೊಂದರೆಯಿಲ್ಲ. ಅವರೋಹಣದಲ್ಲೂ ಇದೇ ಕಥೆ. ಸ ನಿ ಆದ ಮೇಲೆ ಸರಾಗ, ದ ಪ ಮ ಆದ ಮೇಲೆ ಸಿಕ್ಕು. ಎರಡು ಸಲವೂ ಎಡವೋದು 5 ಮತ್ತು 6ನೇ ತಂತಿಯ ನಡುವೆಯೇ. ಜಂಟಿಯಲ್ಲಿ ಪ್ರತಿ ಸ್ವರ ಎರಡೆರಡು ಸಲ ಬರುವುದರಿಂದ ಲೆಕ್ಕ ಆರು, ಆರು, ನಾಲ್ಕು. ಎಲ್ಲ ಸಮಸಂಖ್ಯೆ. ಪ್ರತಿ ತಂತಿಯೂ ಮೇಲಿನ ಹೊಡೆತದಲ್ಲೇ ಮುಗಿಯುತ್ತದೆ. ಅದಕ್ಕೇ ಅದು ಸಲೀಸು! ನನ್ನ ಕೈಗೆ ವೇಗ ಮೊದಲೇ ಇತ್ತು, ತಂತಿ ದಾಟೋಕೆ ಬರುತ್ತಿರಲಿಲ್ಲ ಅಷ್ಟೇ.

ಎರಡನೆಯದು ಎಕಾನಮಿ ಪಿಕಿಂಗ್. ಮುಂದಿನ ತಂತಿ ಕೆಳಗಿದ್ದರೆ ಅದೇ ಕೆಳಗಿನ ಹೊಡೆತವನ್ನು ಮುಂದುವರಿಸಿ ತಂತಿಯ ಮೇಲೆ ಜಾರಿಸಿಬಿಡುವುದು. ಫ್ರಾಂಕ್ ಗಂಬಾಲೆ ಸ್ವೀಪ್ ಅಂತ ಹೆಸರು ಮಾಡಿದ ದಾರಿ ಇದೇ. ಹಾರುವ ಗೋಳೇ ಇಲ್ಲ. ಹತ್ತೇ ದಿನದಲ್ಲಿ 120 ಮುಟ್ಟಿ ಕುಣಿದಾಡಿಬಿಟ್ಟೆ. ಆಮೇಲೆ ರೆಕಾರ್ಡಿಂಗ್ ಕೇಳಿದೆ. ಗ ಮತ್ತು ಮ ಒಂದಕ್ಕೊಂದು ಅಂಟಿಕೊಂಡಿದ್ದವು. ಜಾರುವ ಕೈ ತಾಳಕ್ಕೆ ಕಾಯುವುದಿಲ್ಲ, ಮುಂದಿನ ತಂತಿಗೆ ಬೇಗ ಬಿದ್ದುಬಿಡುತ್ತದೆ. ಅವರೋಹಣ ಇನ್ನೂ ಕಷ್ಟ. ಅಲ್ಲಿ ಮೇಲಕ್ಕೆ ಜಾರಿಸಬೇಕು, ಅಂದರೆ ಪಿಕ್ಕಿನ ವಾಲನ್ನು ಮಧ್ಯದಲ್ಲಿ ತಿರುಗಿಸಬೇಕು. ನನ್ನ ಮಣಿಕಟ್ಟು ಒಪ್ಪಲಿಲ್ಲ.

ಮೂರನೆಯದು ಲೆಗಾಟೋ. ತಂತಿಗೆ ಒಂದೇ ಹೊಡೆತ, ಉಳಿದಿದ್ದು ಎಡಗೈ ಬೆರಳು ಬಡಿದು, ಎಳೆದು. ಅಲನ್ ಹೋಲ್ಡ್ಸ್‌ವರ್ತ್ ಕೈಯಲ್ಲಿ ಇದು ಗಿಟಾರ್ ಅನ್ನಿಸುವುದೇ ಇಲ್ಲ. ನನ್ನ ಕೈಯಲ್ಲಿ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸಿ ಉಬ್ಬಿಸುವ ಎಫೆಕ್ಟ್) ಇದ್ದಾಗ ಚೆನ್ನಾಗಿತ್ತು, ತೆಗೆದರೆ ಅರ್ಧ ಸ್ವರಗಳು ಕಾಣೆ. ಪಿಕಿಂಗ್ ಬೇಕು ಅಂತ ಹೊರಟವರಿಗೆ ಇದು ಉತ್ತರವಲ್ಲ. ಒಂದು ವಾರಕ್ಕೇ ಬಿಟ್ಟೆ.

(ವೀಣೆಯವರನ್ನು ನೋಡಿದರೆ ಹೊಟ್ಟೆಕಿಚ್ಚು. ತೋರುಬೆರಳು, ಮಧ್ಯದ ಬೆರಳು ಎರಡೂ ಕೆಳಕ್ಕೇ ಮೀಟುತ್ತವೆ. ಸಿಕ್ಕಿಹಾಕಿಕೊಳ್ಳೋಕೆ ಪಿಕ್ಕೇ ಇಲ್ಲ.)

ಉಳಿದ ದಿನಗಳಲ್ಲಿ ಮೂರನ್ನೂ ಬೆರೆಸಿದೆ. ಆರೋಹಣದಲ್ಲಿ ಎಕಾನಮಿ, ಪ್ರತಿ ತಂತಿಯೂ ಕೆಳಗಿನ ಹೊಡೆತದಿಂದ ಶುರು. ಅವರೋಹಣದಲ್ಲಿ ದ ಕೆಳಗೆ, ಪ ಮೇಲೆ, ಮ ಎಡಗೈಯಿಂದ ಎಳೆದದ್ದು. ಪಿಕ್ ಆಗಲೇ ಗಾಳಿಯಲ್ಲಿ. ಮುಂದೆ ಗ ಕೆಳಗೆ, ರಿ ಮೇಲೆ, ಸ ಎಳೆತ. ಪಿಕ್ಕಿನ ವಾಲು ಎಲ್ಲೂ ಬದಲಾಗಬೇಕಿಲ್ಲ. ಯಿಂಗ್ವೀ ಮಾಲ್ಮ್‌ಸ್ಟೀನ್ ಸ್ಕೇಲುಗಳನ್ನು ಓಡಿಸುವುದು ಹೆಚ್ಚುಕಡಿಮೆ ಹೀಗೇ. ಈಗ 132ಕ್ಕೆ ಶುದ್ಧವಾಗಿ ಬರುತ್ತಿದೆ, ಅಂದರೆ ಸೆಕೆಂಡಿಗೆ ಸುಮಾರು ಎಂಟೂ ಮುಕ್ಕಾಲು ಸ್ವರ. ಅಂಟಿಕೊಳ್ಳುವ ರೋಗ ಪೂರ್ತಿ ಹೋಗಿಲ್ಲ. ಬಾಯಲ್ಲಿ ಸ್ವರ ಹೇಳುತ್ತಾ, ಮ ಮೇಲೆ ಒತ್ತು ಕೊಟ್ಟು ನುಡಿಸಿದರೆ ಕಡಿಮೆಯಾಗುತ್ತದೆ.

ಪಿಕ್ ಬಗ್ಗೆಯೂ ಒಂದು ಮಾತು. 0.73 ಮಿ.ಮೀ. ದಪ್ಪದ್ದು ಬಾಗಿ, ವಾಪಸ್ ಬರುವಷ್ಟರಲ್ಲಿ ಮುಂದಿನ ಸ್ವರದ ಹೊತ್ತು ಆಗಿರುತ್ತದೆ. 1.38 ಮಿ.ಮೀ.ಯ ಜಾಝ್ ತ್ರೀ ಅನ್ನೋ ಚಿಕ್ಕ ಪಿಕ್ಕಿಗೆ ಬಂದ ಮೇಲೆ ಹಿಂದೆ ನೋಡಿಲ್ಲ. ತುದಿ ಜಾಸ್ತಿ ಒಳಗೆ ಬಿಡಬೇಡಿ, ಒಂದೆರಡು ಮಿ.ಮೀ. ಸಾಕು. ಅಭ್ಯಾಸದ ಕ್ರಮದಲ್ಲೂ ಮೆಟ್ರೋನೋಮ್ ಏಣಿ ಬಿಟ್ಟೆ. ನಾಲ್ಕೇ ಸ್ವರ, ಗ ಮ ಪ ದ, ಪೂರ್ತಿ ವೇಗದಲ್ಲಿ ಒಂದು ಸಲ, ಆಮೇಲೆ ಕೈ ಸಡಿಲ. ನಿಧಾನದಲ್ಲಿ ಕೈ ಬೇಕಾದಷ್ಟು ಹಾರಬಹುದು, ತಪ್ಪು ಕಾಣುವುದೇ ಇಲ್ಲ. ವೇಗದಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಮೊನ್ನೆ ಇದೇ ಧೈರ್ಯದಲ್ಲಿ ಸ್ವರಗಳನ್ನು ಹಾರಿ ಹಾರಿ ನುಡಿಸುವ ದಾಟು ವರಸೆಗೆ ಕೈ ಹಾಕಿದೆ. ಸ ಮ ಗ ಮ. ಒಂದೊಂದು ಸ್ವರಕ್ಕೂ ತಂತಿ ಬದಲು, ಹೆಸರಲ್ಲೇ ದಾಟು ಇದೆ ನೋಡಿ. ಜಾರಿಸೋಕೆ ಜಾಗವಿಲ್ಲ, ಎಳೆಯೋಕೆ ಸ್ವರವಿಲ್ಲ. ಮತ್ತೆ ಆಲ್ಟರ್ನೇಟ್ ಪಿಕಿಂಗ್‌ಗೇ ಬಂದು ಕೂತಿದ್ದೇನೆ, ಮೆಟ್ರೋನೋಮ್ 76ರಲ್ಲಿ.